ಎಂಡೋಸ್ಕೋಪಿ ನಾರ್ಮಲ್ ಅಂದರು, ರಕ್ತ ಹೋಗುವುದು ಮಾತ್ರ ನಿಲ್ಲಲಿಲ್ಲ

ಡಾಕ್ಟರನ್ನು ಕೇಳಿ: ಓದುಗರ ಪ್ರಶ್ನೆ, ಮಡಿಕೇರಿಯ ವೈದ್ಯರ ಉತ್ತರ

ಈ ಸಲ ಒಂದೇ ಪತ್ರ ಅಂಕಣದ ಅರ್ಧಕ್ಕಿಂತ ಜಾಸ್ತಿ ಜಾಗ ತೆಗೆದುಕೊಂಡಿದೆ. ಉಳಿದ ಮೂರು ಪತ್ರಗಳೂ ಅದರ ನೆಂಟರೇ. ಕೂದಲು ಉದುರುವುದು, ನಿದ್ದೆ ಬಾರದಿರುವುದು ಇತ್ಯಾದಿ ಮುಂದಿನ ಸಂಚಿಕೆಗೆ. ಕಾಯುತ್ತಿರುವವರು ಸಿಟ್ಟಾಗಬೇಡಿ.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸೋಮವಾರಪೇಟೆ ಕಡೆ. ಸ್ವಲ್ಪ ಕಾಫಿ, ಮಧ್ಯೆ ಮೆಣಸು. ನಮ್ಮ ಯಜಮಾನರಿಗೆ 64 ವರ್ಷ. ಮಿಲಿಟರಿಯಲ್ಲಿದ್ದು ಬಂದವರು. ಬಿಪಿ ಮಾತ್ರೆ ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಮಂಡಿ ನೋವು ಜಾಸ್ತಿಯಾದಾಗ ಮೆಡಿಕಲ್ಲಿಂದ ನೋವಿನ ಮಾತ್ರೆ ತಂದು ನುಂಗುತ್ತಾರೆ. ಹೋದ ವರ್ಷ ಮೆಣಸು ಕುಯ್ಯುವ ಸಮಯದಲ್ಲಿ ಒಂದು ಬೆಳಿಗ್ಗೆ ಕಕ್ಕಸಿನಲ್ಲೇ ತಲೆ ಸುತ್ತಿ ಕುಸಿದರು. ಮಲ ಕರ್ರಗೆ ಹೋಗಿತ್ತು. ಹೊಟ್ಟೆ ನೋವು ಏನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 6.4 ಅಂದರು, ರಕ್ತ ಏರಿಸಿದರು. ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇಳಿಸಿ ಹೊಟ್ಟೆ ನೋಡುವುದು) ಮಾಡುವವರು ವಾರಕ್ಕೊಮ್ಮೆ ಬರುವುದು ಎಂದು ಕಾದೆವು. ಅವರು ಬರುವ ಹೊತ್ತಿಗೆ ಎಲ್ಲ ನಿಂತಿತ್ತು. 'ಸ್ವಲ್ಪ ಗ್ಯಾಸ್ಟ್ರೈಟಿಸ್, ಉಳಿದಿದ್ದು ನಾರ್ಮಲ್' ಎಂದು ರಿಪೋರ್ಟ್ ಬಂತು. ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು.

ಮಳೆಗಾಲದಲ್ಲಿ ಮತ್ತೆ ಅದೇ. ಈ ಸಲ ರಕ್ತ ವಾಂತಿಯೂ ಆಯಿತು. ಬೇರೆ ಆಸ್ಪತ್ರೆ, ಮತ್ತೆ ರಕ್ತ, ಎರಡು ದಿನ ಬಿಟ್ಟು ಎಂಡೋಸ್ಕೋಪಿ, ಕೆಳಗಿನಿಂದ ಕೊಲೊನೋಸ್ಕೋಪಿ. ಏನೂ ಸಿಗಲಿಲ್ಲ. ಕಾಫಿ ಕೊಯ್ಲಿನಲ್ಲಿ ಮೂರನೇ ಸಲ ಆದಾಗ ಮಗ ಎಲ್ಲಿಯೂ ನಿಲ್ಲಿಸದೆ ಕಾರಿನಲ್ಲಿ ನೇರ ಮೈಸೂರಿಗೆ ಕರೆದುಕೊಂಡು ಹೋದ. ಅಲ್ಲಿ ರಾತ್ರಿಯೇ ಕ್ಯಾಮೆರಾ ಹಾಕಿದರು. 'ಡ್ಯೂಲಫಾಯ್ ಲೀಷನ್' ಎಂದು ಹೇಳಿ ಎರಡು ಕ್ಲಿಪ್ ಹಾಕಿದರು. ಈಗ ಚೆನ್ನಾಗಿದ್ದಾರೆ.

ಎರಡು ಸಲ ಸಿಗದಿದ್ದು ಮೂರನೇ ಸಲ ಹೇಗೆ ಸಿಕ್ಕಿತು? ಮೊದಲಿನವರು ಸರಿಯಾಗಿ ನೋಡಲಿಲ್ಲವೇ? ಆ ಕ್ಲಿಪ್ ಹೊಟ್ಟೆಯಲ್ಲೇ ಇರುತ್ತದಾ? ಮತ್ತೆ ಬರುತ್ತದಾ? ರಾತ್ರಿ ಹೊತ್ತು ಬಂದರೆ ಏನು ಮಾಡಲಿ? ನಮ್ಮ ನಾದಿನಿ ಅಂತೂ 'ಕ್ಯಾಂಟೀನ್ ರಮ್ಮು, ಕಾಚಂಪುಳಿಯ ಹುಳಿ ಹಾಕಿದ ಪಂದಿ ಕರಿ, ಇನ್ನೇನಾಗುತ್ತೆ' ಎನ್ನುತ್ತಾಳೆ. ಇದು ಕ್ಯಾನ್ಸರ್ ಅಲ್ಲ ತಾನೇ?
(ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು)

ಉತ್ತರ: ಅಮ್ಮಾ, ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಮಕ್ಕಳಿಗೂ ಬರುತ್ತದೇನೋ ಎಂಬ ಚಿಂತೆಯೂ ಬೇಡ.

ಹಾಗಾದರೆ ಇದೇನು? ಹೊಟ್ಟೆಯ ಒಳಪದರದ ಅಡಿಯಲ್ಲಿ ಇರಬೇಕಾದ್ದಕ್ಕಿಂತ ದಪ್ಪಗಿರುವ ಒಂದು ರಕ್ತನಾಳ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ನಿಮ್ಮ ಯಜಮಾನರು ಕೆರೆಯಿಂದ ದಪ್ಪ ಪೈಪ್ ಎಳೆಯುತ್ತಾರೆ. ಆಮೇಲೆ ಅದಕ್ಕಿಂತ ಸಣ್ಣದು, ಕೊನೆಗೆ ಜೆಟ್ಟಿಗೆ ಇನ್ನೂ ಸಣ್ಣದು ಜೋಡಿಸುತ್ತಾರೆ, ಅಲ್ವಾ? ಹೊಟ್ಟೆಗೆ ರಕ್ತ ತರುವ ನಾಳವೂ ಹೀಗೆ ಕವಲೊಡೆಯುತ್ತಾ ಸಣ್ಣದಾಗುತ್ತಾ ಹೋಗಬೇಕು. ನಿಮ್ಮವರಲ್ಲಿ ಒಂದು ಕಡೆ ದಪ್ಪ ಪೈಪೇ ಸಣ್ಣದಾಗದೆ ತುದಿಯವರೆಗೂ ಬಂದುಬಿಟ್ಟಿದೆ. ಅದರ ದಪ್ಪ 1ರಿಂದ 3 ಮಿಲಿಮೀಟರ್. ಆ ಜಾಗದಲ್ಲಿ ಇರಬೇಕಾದ್ದರ ಹತ್ತು ಪಟ್ಟು ಎನ್ನಬಹುದು. ಹೃದಯ ಬಡಿದಾಗಲೆಲ್ಲ ಅದೂ ಬಡಿಯುತ್ತದೆ. ಮೇಲಿನ ತೆಳು ಪದರ ವರ್ಷಗಟ್ಟಲೆ ಸವೆದು, ಒಂದು ದಿನ 3 ಮಿಲಿಮೀಟರಿಗೂ ಸಣ್ಣ ತೂತು ಬೀಳುತ್ತದೆ. ಅಲ್ಲಿಂದ ರಕ್ತ ಚಿಮ್ಮುತ್ತದೆ.

ಸುತ್ತ ಹುಣ್ಣು ಇರುವುದಿಲ್ಲ. ಆದ್ದರಿಂದ ನೋವೂ ಇಲ್ಲ. ನಿನ್ನೆವರೆಗೆ ಗಟ್ಟಿಮುಟ್ಟಾಗಿದ್ದವರು ಇವತ್ತು ಬೆಳಿಗ್ಗೆ ಕುಸಿದು ಬೀಳುವುದು ಇದಕ್ಕೇ. ಈ ನಾಳ ಹುಟ್ಟಿನಿಂದಲೇ ಹಾಗಿರುತ್ತದೆ ಎಂಬುದು ಹೆಚ್ಚಿನವರ ಅಭಿಪ್ರಾಯ. ಆದರೆ ರಕ್ತ ಹೋಗಲು ಶುರುವಾಗುವುದು ಹೆಚ್ಚಾಗಿ ವಯಸ್ಸಾದ ಮೇಲೆ. ಹೆಂಗಸರಿಗಿಂತ ಗಂಡಸರಲ್ಲಿ ಎರಡು ಪಟ್ಟು. ಜಾಗವೂ ಹೆಚ್ಚುಕಡಿಮೆ ಗೊತ್ತಿರುವುದೇ: ಅನ್ನನಾಳ ಹೊಟ್ಟೆಗೆ ಸೇರುವಲ್ಲಿಂದ 6 ಸೆಂಟಿಮೀಟರ್ ಒಳಗೆ, ಹೊಟ್ಟೆಯ ಒಳಕ್ಕೆ ಬಾಗಿದ ಅಂಚಿನ ಕಡೆ. ಕೆಲವರಿಗೆ ಸಣ್ಣ ಕರುಳಿನಲ್ಲಿ, ದೊಡ್ಡ ಕರುಳಿನಲ್ಲಿ, ಗುದದ್ವಾರದ ಹತ್ತಿರವೂ ಇರುವುದುಂಟು.

ಕಾಯಿಲೆ ಅಪರೂಪ, ಹೊಸದಲ್ಲ. 1884ರಲ್ಲೇ ಗಲ್ಲಾರ್ ಎಂಬ ವೈದ್ಯರು ಇದನ್ನು ಗುರುತಿಸಿದ್ದರು. 1898ರಲ್ಲಿ ಫ್ರಾನ್ಸಿನ ಜಾರ್ಜ್ ಡ್ಯೂಲಫಾಯ್ ವಿವರವಾಗಿ ಬರೆದರು, ಹೆಸರು ಅವರದ್ದೇ ಉಳಿಯಿತು. ಹುಣ್ಣು ಶುರುವಾಗುವ ಮೊದಲ ಹಂತ ಇದು ಎಂದು ಅವರು ಅಂದುಕೊಂಡಿದ್ದರು. ಹಾಗಲ್ಲ ಎಂದು ಆಮೇಲೆ ಗೊತ್ತಾಯಿತು. ಕ್ಯಾಮೆರಾ ಇಲ್ಲದ ಆ ಕಾಲದಲ್ಲಿ ಇದು ಪತ್ತೆಯಾಗುತ್ತಿದ್ದುದು ಹೊಟ್ಟೆ ಕುಯ್ದಾಗ, ಇಲ್ಲವೇ ಸತ್ತ ಮೇಲೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎರಡು ಸಲ ಯಾಕೆ ಸಿಗಲಿಲ್ಲ? ಮೊದಲಿನವರು ಕಣ್ಣು ಮುಚ್ಚಿಕೊಂಡು ನೋಡಿದರು ಎಂದು ನಾನು ಹೇಳುವುದಿಲ್ಲ. ರಕ್ತ ಜಾಸ್ತಿ ಹೋದಾಗ ಬಿಪಿ ಇಳಿಯುತ್ತದೆ, ನಾಳ ಕುಗ್ಗುತ್ತದೆ, ತುದಿ ಒಳಗೆ ಸರಿಯುತ್ತದೆ. ರಕ್ತ ತಾನಾಗಿಯೇ ನಿಂತುಬಿಡುತ್ತದೆ. ಆಮೇಲೆ ನೋಡಿದರೆ ಅಲ್ಲಿರುವುದು ಮಾಮೂಲಿ ಗುಲಾಬಿ ಬಣ್ಣದ ಪದರ. ಸುತ್ತ ಹುಣ್ಣಿದ್ದಿದ್ದರೆ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಇದರಲ್ಲಿ ಹಾಗೆ ಗುರುತು ಹೇಳುವಂಥದ್ದು ಏನೂ ಇಲ್ಲ. ಜೊತೆಗೆ ಆ ಜಾಗ ಹೊಟ್ಟೆಯ ಮೇಲ್ಭಾಗದಲ್ಲಿದೆ. ಕ್ಯಾಮೆರಾದ ತುದಿಯನ್ನು ಹಿಂದಕ್ಕೆ ತಿರುಗಿಸಿ, ಗಾಳಿ ತುಂಬಿ, ಮಡಿಕೆಗಳನ್ನು ಬಿಡಿಸಿ ನೋಡಬೇಕು. ಹೊಟ್ಟೆ ತುಂಬ ಹೆಪ್ಪುಗಟ್ಟಿದ ರಕ್ತವಿದ್ದರೆ ಅದೂ ಅಡ್ಡ. ಈ ಕಾಯಿಲೆ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಸಲ ಎಂಡೋಸ್ಕೋಪಿ ಬೇಕಾಗುತ್ತದೆ.

ಮೈಸೂರಿನಲ್ಲಿ ಸಿಕ್ಕಿದ್ದಕ್ಕೆ ದೊಡ್ಡ ಕಾರಣ ದೊಡ್ಡ ಆಸ್ಪತ್ರೆಯಲ್ಲ, ಹೊತ್ತು. ರಕ್ತ ಹೋಗುತ್ತಿರುವಾಗಲೇ ನೋಡಿದರು. ಆಗ ಸಣ್ಣ ತೂತಿನಿಂದ ರಕ್ತ ಚಿಮ್ಮುವುದು ಕಾಣುತ್ತದೆ, ಅಥವಾ ಚೆನ್ನಾಗಿರುವ ಪದರದ ಮಧ್ಯೆ ನಾಳದ ತುದಿ ಇಣುಕುವುದು ಕಾಣುತ್ತದೆ. ಅದೂ ಇಲ್ಲದಿದ್ದರೆ ಸಣ್ಣ ಬುಡದ ಮೇಲೆ ಅಂಟಿಕೊಂಡ ತಾಜಾ ರಕ್ತದ ಹೆಪ್ಪಾದರೂ ಇರುತ್ತದೆ. ಈ ಮೂರರಲ್ಲಿ ಒಂದು ಕಂಡರೆ ರೋಗ ಗೊತ್ತಾದ ಹಾಗೆ.

ನನಗೆ ಬೇಸರ ತರಿಸುವುದು ಆ ಮೊದಲ ರಿಪೋರ್ಟಿನ 'ಸ್ವಲ್ಪ ಗ್ಯಾಸ್ಟ್ರೈಟಿಸ್', ಅಂದರೆ ಹೊಟ್ಟೆಯ ಒಳಪದರದ ಉರಿಯೂತ. ಯಾರ ಹೊಟ್ಟೆಗೆ ಕ್ಯಾಮೆರಾ ಹಾಕಿದರೂ ಆ ಮಾತು ಬರೆಯಬಹುದು. ಸ್ವಲ್ಪ ಗ್ಯಾಸ್ಟ್ರೈಟಿಸ್ ಇರುವ ಮನುಷ್ಯನ ಹಿಮೋಗ್ಲೋಬಿನ್ ಒಂದೇ ಏಟಿಗೆ 6ಕ್ಕೆ ಇಳಿಯುವುದಿಲ್ಲ. ಲೆಕ್ಕ ತಾಳೆಯಾಗದಿದ್ದಾಗ ರಿಪೋರ್ಟ್ ನಂಬಿ ಮನೆಗೆ ಹೋಗುವ ಬದಲು 'ಹಾಗಾದರೆ ಅಷ್ಟು ರಕ್ತ ಎಲ್ಲಿಂದ ಹೋಯಿತು ಸಾರ್' ಎಂದು ಕೇಳಿ. ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ. ರಕ್ತ ವಾಂತಿ ಅಥವಾ ಕಪ್ಪು ಮಲ ಎಂದು ಬಂದವರಿಗೆ ಮೊದಲು ಡ್ರಿಪ್, ರಕ್ತ ಕೊಟ್ಟು ಸ್ಥಿರ ಮಾಡಿ, 24 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಬೇಕು ಎಂಬುದು ಈಗಿನ ಪದ್ಧತಿ. ವಾರಕ್ಕೊಮ್ಮೆ ಬರುವವರಿಗಾಗಿ ಕಾಯುವುದು ಇದರಲ್ಲಿ ಸೇರುವುದಿಲ್ಲ. ಒಂದು ಸಲ ನೋಡಿ ಏನೂ ಸಿಗದೆ ಮತ್ತೆ ರಕ್ತ ಹೋದರೆ, ಮತ್ತೆ ಮೇಲಿನಿಂದಲೇ ನೋಡಬೇಕು. ಹೋದ ತಿಂಗಳು ನಾರ್ಮಲ್ ಇತ್ತು ಎಂದು ಬಿಡಬಾರದು. ಜೋರಾಗಿ ಹೋಗುತ್ತಿದ್ದರೆ ಸಿಟಿ ಆಂಜಿಯೋಗ್ರಾಂ, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನ್, ಸಹಾಯ ಮಾಡುತ್ತದೆ. ಅದರಲ್ಲಿಯೂ ರಕ್ತ ಆಗ ಹೋಗುತ್ತಿದ್ದರೇನೇ ಚೆನ್ನಾಗಿ ಕಾಣುವುದು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ರಕ್ತ ಹೋದ ಮೊದಲ ಕೆಲವು ಗಂಟೆ ಹಿಮೋಗ್ಲೋಬಿನ್ ಮೋಸ ಮಾಡುತ್ತದೆ. ದೇಹದ ನೀರು ರಕ್ತನಾಳಕ್ಕೆ ಬಂದು ಸೇರಿ, ರಕ್ತ ತೆಳುವಾದ ಮೇಲೇ ಅದು ಇಳಿದು ಕಾಣುವುದು. ಅದಕ್ಕೆ ಒಂದು ದಿನವೂ ಹಿಡಿಯಬಹುದು. ಆದ್ದರಿಂದ 'ಎಚ್‌ಬಿ 11 ಇದೆ, ಹೆದರಬೇಡಿ' ಎಂದು ಲ್ಯಾಬಿನ ಚೀಟಿ ಹೇಳಿದರೂ, ಮನುಷ್ಯ ಬೆವರುತ್ತಿದ್ದರೆ, ನಾಡಿ ಓಡುತ್ತಿದ್ದರೆ, ಎದ್ದು ಕೂತರೆ ಕಣ್ಣು ಕತ್ತಲೆ ಬರುತ್ತಿದ್ದರೆ ಮನುಷ್ಯನನ್ನು ನಂಬಿ, ಚೀಟಿಯನ್ನಲ್ಲ.

ಕ್ಲಿಪ್ ವಿಷಯ. ಅದು ಸಣ್ಣ ಲೋಹದ ಚಿಮುಟ. ನಾಳವನ್ನು ಹಿಂಡಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ, ಹೆಚ್ಚಾಗಿ ಕೆಲವು ವಾರಗಳಲ್ಲಿ, ತಾನಾಗಿ ಕಳಚಿ ಮಲದ ಜೊತೆ ಹೋಗುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಕೆಲವರಲ್ಲಿ ಜಾಸ್ತಿ ದಿನ ಉಳಿಯುತ್ತದೆ, ತೊಂದರೆಯಿಲ್ಲ. ಆದರೆ ಮಂಡಿಗೋ ಬೆನ್ನಿಗೋ ಎಂಆರ್‌ಐ ಮಾಡಿಸಲು ಹೋದರೆ 'ಹೊಟ್ಟೆಯಲ್ಲಿ ಕ್ಲಿಪ್ ಹಾಕಿದ್ದಾರೆ' ಎಂದು ಮೊದಲೇ ಹೇಳಬೇಕು. ಬೇಕಿದ್ದರೆ ಒಂದು ಎಕ್ಸ್‌ರೇ ತೆಗೆದು ಇದೆಯೋ ಇಲ್ಲವೋ ನೋಡುತ್ತಾರೆ. ಕ್ಲಿಪ್ ಬದಲು ರಬ್ಬರ್ ಬ್ಯಾಂಡ್ ಹಾಕುವುದೂ ಉಂಟು, ಶಾಖ ಕೊಟ್ಟು ಸುಡುವುದೂ ಉಂಟು. ಬರೀ ಅಡ್ರಿನಲಿನ್ ಇಂಜೆಕ್ಷನ್ ಚುಚ್ಚಿ ಬಿಟ್ಟರೆ ಮತ್ತೆ ರಕ್ತ ಹೋಗುವುದು ಜಾಸ್ತಿ. ಅದರ ಜೊತೆಗೆ ಕ್ಲಿಪ್ಪೋ ಶಾಖವೋ ಇದ್ದರೇ ಒಳ್ಳೆಯದು. ನಿಮ್ಮವರಿಗೆ ಸರಿಯಾದ ಚಿಕಿತ್ಸೆಯೇ ಆಗಿದೆ.

ಮತ್ತೆ ಬರುತ್ತದಾ? ಹೆಚ್ಚಿನವರಿಗೆ ಕ್ಲಿಪ್ಪಿನಲ್ಲೇ ಮುಗಿಯುತ್ತದೆ. ಕೆಲವರಿಗೆ ಮತ್ತೆ ಆಗುತ್ತದೆ, ಅದೂ ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ. ಆಗ ಮತ್ತೆ ಎಂಡೋಸ್ಕೋಪಿ. ಅದೂ ಹಿಡಿಯದಿದ್ದರೆ ತೊಡೆಸಂದಿಯ ನಾಳದಿಂದ ಸಣ್ಣ ನಳಿಕೆ ತೂರಿಸಿ, ರಕ್ತ ಹೋಗುವ ಕವಲನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಇದನ್ನು ಎಂಬೋಲೈಸೇಷನ್ ಎನ್ನುತ್ತಾರೆ. ಅದಕ್ಕೂ ಬಗ್ಗದಿದ್ದರೆ ಆಪರೇಷನ್ ಮಾಡಿ ಆ ಚೂರನ್ನು ಕತ್ತರಿಸಿ ತೆಗೆಯುವುದು. ಹಿಂದೆ ಆಪರೇಷನ್ನೇ ದಾರಿಯಾಗಿತ್ತು. ಈಗ ಅಲ್ಲಿಯವರೆಗೆ ಹೋಗುವವರು ಕಡಿಮೆ.

ನಾದಿನಿಯವರಿಗೆ ಹೇಳಿ: ಪಂದಿ ಕರಿ ನಿರಪರಾಧಿ, ಕಾಚಂಪುಳಿಯೂ ನಿರಪರಾಧಿ. ಖಾರದಿಂದ, ಹುಳಿಯಿಂದ ರಕ್ತನಾಳ ದಪ್ಪ ಆಗುವುದಿಲ್ಲ. ರಮ್ಮಿಗೆ ನಾನು ಅಷ್ಟು ಸುಲಭವಾಗಿ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಈ ನಾಳವನ್ನು ಹುಟ್ಟುಹಾಕಿಲ್ಲ, ನಿಜ. ಆದರೆ ಲಿವರ್ ಕೆಟ್ಟವರಿಗೆ ಅನ್ನನಾಳದ ರಕ್ತನಾಳಗಳು ಊದಿಕೊಂಡು ಒಡೆಯುತ್ತವೆ. ಅದು ಬೇರೆ ಕಾಯಿಲೆ, ಇದಕ್ಕಿಂತ ಎಷ್ಟೋ ಜಾಸ್ತಿ ಕಾಣುವಂಥದ್ದು. ಈಗಾಗಲೇ ಮೂರು ಸಲ ರಕ್ತ ಕಳೆದುಕೊಂಡವರು ಎರಡನೆಯ ಬಾಗಿಲು ತೆರೆಯುವುದು ಬೇಡ. ಲಿವರ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ.

ಮನೆಯಲ್ಲಿ ನಿಜವಾದ ಅಪರಾಧಿ ಇದ್ದರೆ ಅದು ಮಂಡಿ ನೋವಿನ ಮಾತ್ರೆಯ ಪಟ್ಟಿ. ಡೈಕ್ಲೋಫಿನಾಕ್, ಐಬುಪ್ರೊಫೆನ್, ಅಸಿಕ್ಲೋಫಿನಾಕ್, ಇವೆಲ್ಲ ಒಂದೇ ಮನೆತನ. ಹೊಟ್ಟೆಯ ಪದರವನ್ನು ತೆಳ್ಳಗೆ ಮಾಡುತ್ತವೆ, ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತವೆ. ಈ ಕಾಯಿಲೆಯಲ್ಲಿ ರಕ್ತ ಹೋದ ಎಷ್ಟೋ ಜನ ಇವನ್ನೋ ಆಸ್ಪಿರಿನ್ನನ್ನೋ ತೆಗೆದುಕೊಳ್ಳುತ್ತಿದ್ದವರೇ. ಕೊಯ್ಲಿನ ಸಮಯದಲ್ಲಿ ನಮ್ಮ ತೋಟಗಳಲ್ಲಿ ಮೈಕೈ ನೋವಿಗೆ ಇವು ಕಡ್ಲೆಬೀಜದಂತೆ ಖರ್ಚಾಗುತ್ತವೆ; ಲೈನ್ ಮನೆಯವರೂ ತಿನ್ನುತ್ತಾರೆ, ಧಣಿಗಳೂ ತಿನ್ನುತ್ತಾರೆ. ನಿಮ್ಮವರಿಗೆ ಇನ್ನು ಮೇಲೆ ಅವು ಬೇಡವೇ ಬೇಡ. ನೋವಿಗೆ ಪ್ಯಾರಾಸಿಟಮಾಲ್, ಹೊರಗಿನಿಂದ ಹಚ್ಚುವ ಮುಲಾಮು, ಮಂಡಿಗೆ ವ್ಯಾಯಾಮ. ಗ್ಯಾಸ್ ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ದಿನ ತೆಗೆದುಕೊಳ್ಳಲಿ. ಕ್ಲಿಪ್ ಹಾಕಿದ ಜಾಗ ಮಾಯಲು ಅದು ಬೇಕು. ಆದರೆ ಅದೇ ಮಾತ್ರೆ ಈ ದಪ್ಪ ನಾಳವನ್ನು ವಾಸಿ ಮಾಡುತ್ತದೆ ಎಂದು ನಂಬಿ ಕೂರಬೇಡಿ. ಇದು ಆಸಿಡ್ಡಿನ ಕಾಯಿಲೆಯಲ್ಲ.

ರಾತ್ರಿ ಬಂದರೆ ಏನು ಮಾಡುವುದು? ನಮ್ಮೂರಿನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. ಒಂದೊಂದು ಮನೆ ಒಂದೊಂದು ಗುಡ್ಡದಲ್ಲಿ. ಜುಲೈನಲ್ಲಿ ಕರೆಂಟೂ ಇಲ್ಲ, ಫೋನೂ ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕುಸಿದು ಮಂಗಳೂರಿನ ದಾರಿ ಮುಚ್ಚಿದ್ದು ಯಾರೂ ಮರೆತಿಲ್ಲ. ಆದ್ದರಿಂದ ಚೆನ್ನಾಗಿರುವ ದಿನವೇ ತಯಾರಿ ಮಾಡಿಕೊಳ್ಳಿ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಕ್ತ ಸಿಗುತ್ತದೆ, ಎಲ್ಲಿ ರಾತ್ರಿಯೂ ಎಂಡೋಸ್ಕೋಪಿ ಮಾಡುತ್ತಾರೆ ಎಂದು ಫೋನ್ ಮಾಡಿ ವಿಚಾರಿಸಿ ಬರೆದಿಡಿ. ಎರಡೂ ಒಂದೇ ಕಡೆ ಇರಬೇಕೆಂದಿಲ್ಲ. ಮೈಸೂರಿನ ರಿಪೋರ್ಟಿನ ಫೋಟೋ, ಮುಖ್ಯವಾಗಿ ಕ್ಲಿಪ್ ಹಾಕಿದ ಜಾಗ ತೋರಿಸುವ ಚಿತ್ರವಿರುವ ಹಾಳೆ, ಮಗನ ಮೊಬೈಲಿನಲ್ಲೂ ನಿಮ್ಮ ಮೊಬೈಲಿನಲ್ಲೂ ಇರಲಿ. ಮುಂದೆ ನೋಡುವ ಡಾಕ್ಟರಿಗೆ ಎಲ್ಲಿ ಹುಡುಕಬೇಕು ಎಂದು ಅದು ಹೇಳುತ್ತದೆ. ರಕ್ತದ ಗುಂಪನ್ನೂ ಅದರ ಜೊತೆಗೇ ಬರೆದಿಡಿ.

ರಕ್ತ ವಾಂತಿ ಆದರೆ, ಅಥವಾ ಅಂಟಂಟಾದ ಕಪ್ಪು ಮಲ ಹೋಗಿ ತಲೆ ಸುತ್ತಿದರೆ, ಎಡ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನೂ ಕೊಡಬೇಡಿ, ನಿಂಬೆ ಪಾನಕ ಬೇಡ, ಗಂಜಿ ಬೇಡ. 108ಕ್ಕೆ ಫೋನ್ ಮಾಡಿ. ಅದು ಬರುವುದು ತಡವಾದರೆ ಪಕ್ಕದ ಮನೆಯವರ ಜೀಪು.

ಮಗ ನೇರ ಮೈಸೂರಿಗೆ ಓಡಿಸಿದ ವಿಷಯದಲ್ಲಿ ನನಗೆ ಎರಡು ಮನಸ್ಸು. ಕೆಲಸ ಆಯಿತು, ಸಂತೋಷ. ಆದರೆ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ, ಕೈಯಲ್ಲಿ ಡ್ರಿಪ್ ಇಲ್ಲ, ಬಿಪಿ ನೋಡುವವರಿಲ್ಲ. ದಾರಿಯಲ್ಲಿ ಜೋರಾಗಿ ಹೋಗಿದ್ದಿದ್ದರೆ ಕಷ್ಟವಾಗುತ್ತಿತ್ತು. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ, ಬೇಕಾದರೆ ರಕ್ತ ಶುರು ಮಾಡಿಸಿ, ಅಲ್ಲಿಂದಲೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ, ಆಂಬ್ಯುಲೆನ್ಸಿನಲ್ಲಿ ಹೋಗಿ. ಹತ್ತಿರದವರು 'ನಿಂತಿದೆಯಲ್ಲ, ಸೋಮವಾರ ನೋಡೋಣ' ಎಂದರೆ ಮಾತ್ರ ಸುಮ್ನೆ ಕೂರಬೇಡಿ. ರಿಪೋರ್ಟ್ ತೋರಿಸಿ, ಬೇರೆ ಕಡೆ ಬರೆದುಕೊಡಲು ಹೇಳಿ.

ಇನ್ನು ಕೆಲವು ವಾರ ಬಿಟ್ಟು ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದ ಮಾತ್ರೆಯನ್ನು ಎಚ್‌ಬಿ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸುವುದು ವಾಡಿಕೆ. ಖಾಲಿಯಾದ ಉಗ್ರಾಣ ತುಂಬಬೇಕಲ್ಲ. ಆ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಅದರ ಬಗ್ಗೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಅವತ್ತಿನಿಂದ ಮಲ ಕಪ್ಪಗೆ ಹೋಗುತ್ತಿದೆ. ಒಳಗೆ ರಕ್ತ ಹೋಗುತ್ತಿದೆಯೇನೋ ಎಂದು ಭಯ. ನಮ್ಮ ಅತ್ತೆ 'ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಗೆ ಹೋಗುವುದಿಲ್ಲವಾ, ಇದೂ ಹಾಗೆ, ಬಿಡು' ಎನ್ನುತ್ತಾರೆ.
(ಗೃಹಿಣಿ, 41, ವಿರಾಜಪೇಟೆ)

ಉತ್ತರ: ನಿಮ್ಮ ಅತ್ತೆ ಅರ್ಧ ಡಾಕ್ಟರು. ಕಕ್ಕಡ 18 ಬರುವ ಆಗಸ್ಟ್ ಮೊದಲ ವಾರ ನಮ್ಮ ಜಿಲ್ಲೆಯಲ್ಲಿ ಅರ್ಧ ಜನರ ಮೂತ್ರ ಕೆಂಪಗೆ ಹೋಗುತ್ತದೆ, ಒಬ್ಬರೂ ಹೆದರುವುದಿಲ್ಲ. ಹೊರಗಿನಿಂದ ಬಂದ ಹೊಸ ಡಾಕ್ಟರಿಗೆ ಮಾತ್ರ ಆ ವಾರ ಗಾಬರಿ. ಸೊಪ್ಪಿನ ಬಣ್ಣ ಇಳಿಯುತ್ತದೆ, ಅಷ್ಟೇ.

ಮಾತ್ರೆಯ ಕಪ್ಪು ಬೇರೆ, ರಕ್ತದ ಕಪ್ಪು ಬೇರೆ. ಕಬ್ಬಿಣದ ಮಾತ್ರೆಯಿಂದ ಹೋಗುವುದು ಕಡು ಹಸಿರು ಬೆರೆತ ಕಪ್ಪು. ಮಾಮೂಲಿನ ಹಾಗೆ ಗಟ್ಟಿಯಾಗಿರುತ್ತದೆ, ವಾಸನೆ ಬೇರೆಯಾಗುವುದಿಲ್ಲ. ರಕ್ತ ಮೇಲಿನಿಂದ ಇಳಿದು ಜೀರ್ಣವಾಗಿ ಬಂದದ್ದು ಕರಿ ಮಿರಿ ಮಿರಿ, ಅಂಟಂಟು, ನೀರು ಹಾಕಿದರೂ ಕಕ್ಕಸಿನಿಂದ ಬೇಗ ಹೋಗುವುದಿಲ್ಲ. ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. 50ರಿಂದ 100 ಮಿಲಿಲೀಟರ್ ರಕ್ತ ಹೋದರೂ ಸಾಕು, ಹಾಗೆ ಆಗಲು. ಅನುಮಾನವಿದ್ದರೆ ಮಾತ್ರೆ ಕೊಟ್ಟ ಡಾಕ್ಟರನ್ನು ಕೇಳಿ ಕೆಲವು ದಿನ ನಿಲ್ಲಿಸಿ ನೋಡಿ.

ಆದರೆ ಅತ್ತೆಯವರ 'ಬಿಡು' ನನಗೆ ಒಪ್ಪಿಗೆಯಿಲ್ಲ. ರಕ್ತ ಕಡಿಮೆ ಯಾಕಾಯಿತು ಎಂದು ಯಾರಾದರೂ ಕೇಳಿದರಾ? 41ನೇ ವಯಸ್ಸಿಗೆ ಮುಟ್ಟಿನಲ್ಲಿ ಜಾಸ್ತಿ ಹೋಗುವುದೇ ಹೆಚ್ಚಾಗಿ ಕಾರಣ. ಅದು ಇಲ್ಲದಿದ್ದರೆ ಕಾರಣ ಹುಡುಕಬೇಕು.

ಪ್ರಶ್ನೆ: ನನಗೆ 59. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ತೆಗೆದುಕೊಳ್ಳುತ್ತಿದ್ದೆ. ಹೋದ ತಿಂಗಳು ಹೊಟ್ಟೆಯಲ್ಲಿ ರಕ್ತ ಹೋಗಿ, ಕ್ಯಾಮೆರಾದಲ್ಲಿ ನೋಡಿ ಕ್ಲಿಪ್ ಹಾಕಿದರು. ರಕ್ತ ತೆಳು ಮಾಡುವ ಮಾತ್ರೆಯಿಂದಲೇ ಆಯಿತು ಎಂದು ನಾನೇ ಎರಡನ್ನೂ ಬಿಟ್ಟಿದ್ದೇನೆ. ಸರಿ ತಾನೇ?
(ನಿವೃತ್ತ ನೌಕರರು, ಕುಶಾಲನಗರ)

ಉತ್ತರ: ಸರಿಯಲ್ಲ. ಈ ಪತ್ರಿಕೆ ಕೈಗೆ ಬಂದ ದಿನವೇ ನಿಮ್ಮ ಹೃದಯದ ಡಾಕ್ಟರಿಗೆ ಫೋನ್ ಮಾಡಿ.

ಹಾಂಗ್‌ಕಾಂಗ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಆಸ್ಪಿರಿನ್ ತಿನ್ನುತ್ತಿದ್ದು ಹುಣ್ಣಿನಿಂದ ರಕ್ತ ಹೋದ 156 ಜನ. ಕ್ಯಾಮೆರಾದಿಂದ ರಕ್ತ ನಿಲ್ಲಿಸಿದ ಮೇಲೆ ಅರ್ಧ ಜನಕ್ಕೆ ಕೂಡಲೇ ಆಸ್ಪಿರಿನ್ ಮುಂದುವರಿಸಿದರು, ಅರ್ಧ ಜನಕ್ಕೆ ನಿಲ್ಲಿಸಿದರು. ಮುಂದುವರಿಸಿದವರಲ್ಲಿ ಮತ್ತೆ ರಕ್ತ ಹೋಗಿದ್ದು ಸ್ವಲ್ಪ ಜಾಸ್ತಿ: 100ಕ್ಕೆ 10, ಇನ್ನೊಂದು ಕಡೆ 5. ಆದರೆ ಎಂಟು ವಾರದಲ್ಲಿ ತೀರಿಕೊಂಡವರು ನಿಲ್ಲಿಸಿದ ಗುಂಪಿನಲ್ಲಿ 100ಕ್ಕೆ ಸುಮಾರು 13, ಮುಂದುವರಿಸಿದವರಲ್ಲಿ ಒಬ್ಬರ ಆಸುಪಾಸು. ಹೊಟ್ಟೆ ಉಳಿಸಲು ಹೋಗಿ ಹೃದಯ ಕಳೆದುಕೊಂಡ ಹಾಗೆ ಆಗಬಾರದು. ನಿಮ್ಮದು ಹುಣ್ಣಲ್ಲದೆ ಬೇರೆ ಕಾಯಿಲೆಯಾದರೂ ಸ್ಟೆಂಟ್ ಅದೇ ಸ್ಟೆಂಟ್.

ಎರಡು ಮಾತ್ರೆಯಲ್ಲಿ ಒಂದನ್ನು ಬಿಡುವ ಕಾಲ ಬಂದಿರಬಹುದು. ಸ್ಟೆಂಟ್ ಹಾಕಿ ಎಷ್ಟು ತಿಂಗಳಾಯಿತು, ಯಾವ ಸ್ಟೆಂಟ್ ಎಂಬುದರ ಮೇಲೆ ಅದನ್ನು ಹೃದಯದ ಡಾಕ್ಟರೇ ತೀರ್ಮಾನ ಮಾಡಬೇಕು. ಜೊತೆಗೆ ಗ್ಯಾಸ್ ಮಾತ್ರೆ ಬೇಕೇ ಬೇಕು. ಕ್ಲೊಪಿಡೋಗ್ರೆಲ್ ಇರುವವರಿಗೆ ಒಮೆಪ್ರಜೋಲ್ ಎಂಬ ಗ್ಯಾಸ್ ಮಾತ್ರೆ ಅಷ್ಟು ಹೊಂದುವುದಿಲ್ಲ, ಕ್ಲೊಪಿಡೋಗ್ರೆಲ್‌ನ ಬಲ ಕಡಿಮೆ ಮಾಡುತ್ತದೆ. ಪ್ಯಾಂಟೊಪ್ರಜೋಲ್ ಕೇಳಿ.

ಪ್ರಶ್ನೆ: ನಮ್ಮ ತಾಯಿಗೆ 77 ವರ್ಷ. ವರ್ಷಕ್ಕೆ ಎರಡು ಮೂರು ಸಲ ಎಚ್‌ಬಿ 7ರ ಹತ್ತಿರ ಇಳಿಯುತ್ತದೆ. ಮೇಲಿನಿಂದ, ಕೆಳಗಿನಿಂದ ಎರಡೂ ಕಡೆ ನೋಡಿದ್ದಾರೆ, ನಾರ್ಮಲ್. ಹೃದಯದ ಒಂದು ವಾಲ್ವ್ ಕಿರಿದಾಗಿದೆ ಎಂದು ಮೊದಲೇ ಹೇಳಿದ್ದರು. ಈಗ ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿಸಬೇಕು ಎನ್ನುತ್ತಾರೆ. ಈ ವಯಸ್ಸಿನಲ್ಲಿ ಬೇಕಾ?
(ನಾಪೋಕ್ಲು)

ಉತ್ತರ: ಬೇಕು. ಹಾಗೆಯೇ ಆ ವಾಲ್ವ್ ವಿಷಯವನ್ನು ಹೊಟ್ಟೆ ಡಾಕ್ಟರಿಗೆ ಹೇಳಿದ್ದೀರಾ? ಹೇಳಿಲ್ಲ ಎಂದು ನನ್ನ ಅನುಮಾನ. ಹೃದಯದ ಫೈಲು ಒಂದು ಬೀರುವಿನಲ್ಲಿ, ಹೊಟ್ಟೆಯ ಫೈಲು ಇನ್ನೊಂದರಲ್ಲಿ.

ಹೃದಯದಿಂದ ರಕ್ತ ಹೊರಗೆ ಹೋಗುವ ಅಯೋರ್ಟಿಕ್ ವಾಲ್ವ್ ಕಿರಿದಾದವರಲ್ಲಿ ಕರುಳಿನಿಂದ ರಕ್ತ ಹೋಗುವುದನ್ನು ಎಡ್ವರ್ಡ್ ಹೇಯ್ಡ್ ಎಂಬ ವೈದ್ಯರು 1958ರಲ್ಲಿ ಬರೆದು ತಿಳಿಸಿದ್ದರು. ಕಾರಣ ಆಮೇಲೆ ಗೊತ್ತಾಯಿತು. ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಎಂಬ ಉದ್ದನೆಯ ಪ್ರೋಟೀನು ಕಿರಿದಾದ ವಾಲ್ವಿನಲ್ಲಿ ರಭಸದಿಂದ ನುಗ್ಗುವಾಗ ತುಂಡಾಗುತ್ತದೆ. ಅದೇ ಹೊತ್ತಿಗೆ ವಯಸ್ಸಾದವರ ಕರುಳಿನಲ್ಲಿ ಸಣ್ಣ ಸಣ್ಣ ರಕ್ತನಾಳದ ಗೊಂಚಲು ಹುಟ್ಟಿಕೊಂಡಿರುತ್ತದೆ. ಇದಕ್ಕೆ ಆಂಜಿಯೋಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಎರಡೂ ಸೇರಿದರೆ ರಕ್ತ ಜಿನುಗುವುದು ನಿಲ್ಲುವುದಿಲ್ಲ. ಕ್ಯಾಮೆರಾ ಮೂಲಕ ಸುಟ್ಟರೂ ಬೇರೆ ಕಡೆ ಶುರುವಾಗುತ್ತದೆ. ವಾಲ್ವ್ ಬದಲಾಯಿಸಿದ ಮೇಲೆ ಎಷ್ಟೋ ಜನರಿಗೆ ರಕ್ತ ಹೋಗುವುದೂ ನಿಂತಿದೆ. ಈಗ ಎದೆ ಕುಯ್ಯದೆ ತೊಡೆಯ ನಾಳದಿಂದಲೇ ವಾಲ್ವ್ ಹಾಕುವ ವಿಧಾನ ಇರುವುದರಿಂದ 77 ದೊಡ್ಡ ವಯಸ್ಸೇನಲ್ಲ. ಅದು ಆಗದವರಿಗೆ ತಿಂಗಳಿಗೊಮ್ಮೆ ಕೊಡುವ ಆಕ್ಟ್ರಿಯೋಟೈಡ್ ಇಂಜೆಕ್ಷನ್ ಇದೆ.

ಕ್ಯಾಪ್ಸೂಲಿಗೆ ಹೆದರಬೇಡಿ. ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪ, ಒಳಗೆ ಕ್ಯಾಮೆರಾ, ಬ್ಯಾಟರಿ, ದೀಪ. ನೀರಿನ ಜೊತೆ ನುಂಗಿದರೆ ಕರುಳಿನುದ್ದಕ್ಕೂ ಸಾವಿರಾರು ಫೋಟೋ ತೆಗೆಯುತ್ತಾ ಹೋಗುತ್ತದೆ. ಮಾಮೂಲಿ ಕ್ಯಾಮೆರಾ ಮುಟ್ಟದ ಸಣ್ಣ ಕರುಳನ್ನು ನೋಡಲು ಇದು ಒಳ್ಳೆಯ ದಾರಿ. ನೋಡುತ್ತದೆ ಅಷ್ಟೇ, ಸುಡಲು, ಕ್ಲಿಪ್ ಹಾಕಲು ಬರುವುದಿಲ್ಲ. ಎಚ್‌ಬಿ ಇಳಿದ ಕೂಡಲೇ, ಕೆಲವೇ ದಿನಗಳಲ್ಲಿ ಮಾಡಿಸಿ. ಮೂರು ತಿಂಗಳು ಬಿಟ್ಟು, ಎಲ್ಲ ಒಣಗಿದ ಮೇಲೆ ಮಾಡಿಸಿದರೆ ಇದೂ 'ನಾರ್ಮಲ್' ಎಂದೇ ಬರಬಹುದು. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ, ಕರುಳು ಕಟ್ಟಿಕೊಂಡಿದ್ದರೆ ಮೊದಲೇ ಹೇಳಿ. ಕಿರಿದಾದ ಕಡೆ ಅದು ಸಿಕ್ಕಿಕೊಳ್ಳಬಹುದು. ಹೊರಗೆ ಬಂತು ಎಂದು ಖಾತ್ರಿ ಆಗುವವರೆಗೆ ಎಂಆರ್‌ಐ ಬೇಡ. ಫೋಟೋಗಳು ಸಾಮಾನ್ಯವಾಗಿ ಸೊಂಟಕ್ಕೆ ಕಟ್ಟಿದ ಯಂತ್ರಕ್ಕೇ ಬಂದು ಸೇರಿರುತ್ತವೆ. ಹಾಗಿದ್ದರೆ ಆ ಕ್ಯಾಪ್ಸೂಲನ್ನು ಹುಡುಕಿ ತೊಳೆದು ವಾಪಸ್ ತಂದುಕೊಡುವ ಕೆಲಸ ಇಲ್ಲ. ಕೇಳುವವರು ಇದ್ದಾರೆ, ಅದಕ್ಕೇ ಹೇಳಿದೆ.